ಅವ್ವನ ಉಡಿ

ಬೀಗ ಹಾಕಿದ ಮನೆ ಕಂಡರೆ ನನಗೆ ಇಂದಿಗೂ ಮೈ ಉರಿಯುತ್ತದೆ. ಕೆಲಸಕ್ಕೆ ಹೋದವರು ಸಂಜೆ ಬಂದು ತೆಗೆಯುವ ಬೀಗದ ಮಾತಲ್ಲ ಇದು. ಡಿಸೆಂಬರಿನ ಕೊನೆಗೊಮ್ಮೆ ತೆರೆದು ಉಳಿದ ವರ್ಷವೆಲ್ಲ ಮುಚ್ಚಿಕೊಂಡಿರುವ ಬಂಗಲೆಗಳ ಬೀಗದ ಮಾತು. ಗೋವಾಕ್ಕೆ ಬಂದವರು ಸಮುದ್ರ ನೋಡುತ್ತಾರೆ, ಇಗರ್ಜಿ ನೋಡುತ್ತಾರೆ. ನನ್ನ ಕಣ್ಣು ಮಾತ್ರ ಗೇಟಿನ ಕಡೆಗೇ ಹೋಗುತ್ತದೆ, ಒಳಗೆ ಯಾರಾದರೂ ಇದ್ದಾರೋ ಇಲ್ಲವೋ ಎಂದು. ಹೆಚ್ಚಿನ ಕಡೆ ಇರುವುದಿಲ್ಲ. ಈ ಚಟ ನನಗೆ ಅಂಟಿದ್ದು ಅವ್ವನಿಂದ. ಅಂಥ ಮನೆಗಳ ಕೀಲಿಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಅವಳು ನನ್ನನ್ನು ಬೆಳೆಸಿದಳು.

ನಮ್ಮ ಮನೆ ಕೊರ್ತಾಲಿಮ್ ಕಡೆಯ ಒಂದು ಗುಡ್ಡದ ಮೇಲಿತ್ತು. ಮೂರು ಗೋಡೆ ಕೆಂಪುಕಲ್ಲಿನವು, ನಾಲ್ಕನೆಯದು ತಗಡು, ಮಳೆಗಾಲದಲ್ಲಿ ಮೇಲೊಂದು ನೀಲಿ ತಾಡಪತ್ರಿ. ಇದ್ದ ಒಂದೇ ಕೋಣೆಯನ್ನು ಆಯಿಯ ಹಳೆಯ ಇಳಕಲ್ ಸೀರೆ ಎರಡು ಮಾಡಿತ್ತು. ಆಚೆ ಒಲೆ, ಈಚೆ ನಾವು. ಆಯಿ ಎಂದರೆ ಅಪ್ಪನ ತಾಯಿ. ಬಂದರಿನಲ್ಲಿ ಹಮಾಲಿ ಮಾಡುತ್ತಿದ್ದ ಅಪ್ಪ ನನಗೆ ನೆನಪು ಮೂಡುವ ಮೊದಲೇ ಕಾಮಾಲೆಯಾಗಿ ಸತ್ತಿದ್ದ. ತಿರುಗಿ ಹೋಗೋಣವೆಂದರೆ ಬಾದಾಮಿ ಕಡೆಯ ಊರಿನಲ್ಲಿ ನಮ್ಮದೆನ್ನುವ ಒಂದು ಗೋಡೆಯೂ ಇರಲಿಲ್ಲ. ಹೀಗಾಗಿ ಗಂಡನನ್ನು ಕಳೆದುಕೊಂಡ ಸೊಸೆ, ಮಗನನ್ನು ಕಳೆದುಕೊಂಡ ಅತ್ತೆ, ನಡುವೆ ನಾನು, ಆ ಕೋಣೆಯಲ್ಲಿ ಉಳಿದೆವು. ನಾವು ಮೂವರೇ ಎಂದರೆ ತಪ್ಪಾಗುತ್ತದೆ. ಅರ್ಧ ಕೋಣೆಯನ್ನು ನೀರಿನ ಡ್ರಮ್ಮುಗಳು ಹಿಡಿದಿದ್ದವು. ಟ್ಯಾಂಕರ್ ತನಗೆ ಮನಸ್ಸು ಬಂದಾಗ ಬರುತ್ತಿತ್ತು; ಬಂದಾಗ ಡ್ರಮ್ಮು, ಕೊಡ, ಬೋಗುಣಿ, ಕೊನೆಗೆ ಚಹದ ಕಿಟ್ಲಿಯನ್ನೂ ತುಂಬಿಡುತ್ತಿದ್ದೆವು. ಮುಖ ತೊಳೆದ ನೀರು ಪಾತ್ರೆ ತಿಕ್ಕಲಿಕ್ಕೆ, ಪಾತ್ರೆ ತಿಕ್ಕಿದ ನೀರು ನೆಲ ಒರೆಸಲಿಕ್ಕೆ. ಆಯಿ ಡ್ರಮ್ಮಿಗೆ ಬೆನ್ನು ಹಚ್ಚಿಯೇ ಮಲಗುತ್ತಿದ್ದಳು, ಯಾರೋ ಬಂದು ಹೊತ್ತೊಯ್ದಾರು ಎನ್ನುವ ಹಾಗೆ.

ಅವ್ವನ ಕೆಲಸದ ಬಗ್ಗೆ ಕೇಳಿದವರಿಗೆ ನಗು ಬರಬೇಕು, ನಮಗೆ ಬರುತ್ತಿರಲಿಲ್ಲ. ಗುಡ್ಡದ ಕೆಳಗೆ ನದಿಯ ಕಡೆ ಮುಖ ಮಾಡಿ ಬಂಗಲೆಗಳ ಸಾಲು. ಮಾಲೀಕರು ದಿಲ್ಲಿ, ಮುಂಬಯಿಯವರು. ಯಾರೂ ಇಲ್ಲದ ಆ ಮನೆಗಳನ್ನು ಯಾರೋ ಇರುವಂತೆ ಇಡುವುದು ಅವಳ ಕೆಲಸ. ಕಿಟಕಿ ತೆರೆಯಬೇಕು, ಫ್ಯಾನು ಹಚ್ಚಬೇಕು, ಯಾರೂ ಮಲಗದ ಹಾಸಿಗೆಯ ಚಾದರ ಒಗೆಯಬೇಕು, ಪೈಪಿಗೆ ಜಂಗು ಹಿಡಿಯದಿರಲೆಂದು ಎಲ್ಲ ನಳಗಳನ್ನೂ ತಿರುವಿ ನೀರು ಬಿಡಬೇಕು. ಕೆಂಪು ನೀರು ಹೋಗಿ ತಿಳಿ ನೀರು ಬರಬೇಕು, ತಿಳಿ ನೀರು ಬಂದ ಮೇಲೂ ಸ್ವಲ್ಪ ಹೊತ್ತು ಬಿಡಬೇಕು. ಆ ನೀರನ್ನು ಒಂದು ಕ್ಯಾನಿನಲ್ಲಿ ಮನೆಗೆ ತರಲು ಅಪ್ಪಣೆ ಇರಲಿಲ್ಲ. ಗೇಟಿನಲ್ಲಿ ವಾಚ್‌ಮನ್ ಚೀಲ ಬಿಚ್ಚಿ ನೋಡಿಯೇ ಬಿಡುತ್ತಿದ್ದ, ಅವನೂ ನಮ್ಮ ಬಾದಾಮಿ ಕಡೆಯವನೇ. ಶಾಲೆ ಇಲ್ಲದ ದಿನ ನಾನೂ ಅವಳ ಬೆನ್ನು ಹತ್ತುತ್ತಿದ್ದೆ. ಒಂದು ಬಂಗಲೆಯ ಬಚ್ಚಲಿನಲ್ಲಿ ಸುಮ್ಮನೆ ಹರಿದುಹೋಗುತ್ತಿದ್ದ ನೀರಿಗೆ ಬೊಗಸೆಯೊಡ್ಡಿ ನಿಂತಿದ್ದಾಗ ಅವಳು ಹೇಳಿದ್ದು ಕಿವಿಯಲ್ಲೇ ಇದೆ.

"ಕುಡಿ. ಹೊಟ್ಟಿ ತುಂಬ ಕುಡಿ. ಹೊಟ್ಟಿ ಬಿಚ್ಚಿ ನೋಡೂದಿಲ್ಲ ಆ ವಾಚ್‌ಮನ್."

ಮನೆಯಲ್ಲಿ ಅತ್ತೆ ಸೊಸೆಯ ಜಗಳ ದಿನವೂ ಇದ್ದದ್ದೇ. ಅವ್ವ ಗೋವಾದಲ್ಲಿ ಕೊಂಕಣಿ ಕಲಿತಳು, ಮೀನು ತಿನ್ನುವುದನ್ನೂ ಕಲಿತಳು. ಸಂಜೆ ಬರುವಾಗ ಬಾಂಗಡೆ ತಂದು ಕಾರ ಹಚ್ಚಿ ಹುರಿದರೆ ಆಯಿ ತನ್ನ ರೊಟ್ಟಿಯ ಹಂಚನ್ನು ತೆಗೆದುಕೊಂಡು ಹೊರಗೆ ಕಟ್ಟೆಯ ಮೇಲೆ ಹೋಗಿ ಕುಳಿತುಬಿಡುವಳು. ಅಲ್ಲಿಂದಲೇ ಓಣಿಗೆಲ್ಲ ಕೇಳುವಂತೆ ಮಾತು.

"ಗಂಡನ್ನ ತಿಂದಾಕಿ, ಈಗ ಮೀನಾ ತಿನ್ನಾಕತ್ತಾಳ."

"ನಿಮ್ಮ ಮಗನ್ನ ತಿಂದಿದ್ದು ಸಾರಾಯಿ, ಅತ್ತಿ. ಮೀನಾ ತಿಂದಿದ್ರ ಬದುಕತಿದ್ದ."

ಇಷ್ಟಾದ ಮೇಲೆ ಇಬ್ಬರೂ ಗಟ್ಟಿಯಾಗಿ ಪಾತ್ರೆ ಕುಕ್ಕುವರು. ನಾನು ಆಯಿಯ ರೊಟ್ಟಿಯನ್ನು ಅವ್ವನ ಮೀನಿನ ಜೊತೆ ತಿಂದು ಇಬ್ಬರಿಂದಲೂ ಬೈಸಿಕೊಳ್ಳುತ್ತಿದ್ದೆ. ನನ್ನ ನಾಲಿಗೆಗೆ ಈ ಹರಿತ ಬಂದದ್ದು ಎಲ್ಲಿಂದ ಎಂದು ಕೇಳುವವರಿಗೆ ನಾನು ಆ ಕಟ್ಟೆಯ ವಿಳಾಸ ಕೊಡಬೇಕು.

ನಮ್ಮ ಮನೆಯಲ್ಲಿ ಗಂಡಸಿರಲಿಲ್ಲ, ಆದ್ದರಿಂದ ಓಣಿಯ ಹೆಂಗಸರು ಸಂಜೆ ನಮ್ಮಲ್ಲೇ ಸೇರುತ್ತಿದ್ದರು. ಪಕ್ಕದ ಮನೆಯ ಶಾಂತವ್ವ, ಅವಳ ಗಂಡ ಸಾಂಕೋಲೆಯ ಫ್ಯಾಕ್ಟರಿಯಲ್ಲಿ ದಿನಗೂಲಿ. ಎದುರುಮನೆಯ ಮೆಹಬೂಬಿ, ಅವ್ವನ ಜೊತೆ ಅದೇ ಬಂಗಲೆಗಳಲ್ಲಿ ಕಸ ಹೊಡೆಯುವವಳು, ಬಾಯಿ ತೆರೆದರೆ ತಮಾಷೆ. ಇನ್ನೂ ಹಲವರು. ಎಲ್ಲರ ಮಾತೂ ತಿರುಗಿ ತಿರುಗಿ ನೀರಿಗೇ ಬಂದು ನಿಲ್ಲುತ್ತಿತ್ತು. ಒಂದು ಸಂಜೆ ಅವ್ವ ಹಿಟ್ಟು ನಾದುವುದನ್ನು ನಿಲ್ಲಿಸಿ ಹೇಳಿದಳು, ಮನುಷ್ಯರಿರುವ ಗುಡ್ಡಕ್ಕೆ ನಳ ಇಲ್ಲ, ಮನುಷ್ಯರಿಲ್ಲದ ಮನೆಗೆ ನಳ ಇದೆ, ಇದನ್ನು ಪಂಚಾಯತಿಯಲ್ಲಿ ನಿಂತು ಕೇಳಬೇಕು ಎಂದು. ಮುಂದಿನ ಗ್ರಾಮಸಭೆಗೆ ಅವಳು ಹೋದಳು, ಹಿಂದೆ ಹೆಂಗಸರ ಗುಂಪು. ಬೀಗ ಹಾಕಿಟ್ಟ ಮನೆಗಳಿಗೆ ಘರಪಟ್ಟಿ, ಅಂದರೆ ಮನೆ ತೆರಿಗೆ, ಹೆಚ್ಚು ಹಾಕಿ, ಆ ರೊಕ್ಕದಲ್ಲಿ ಗುಡ್ಡಕ್ಕೆ ಪೈಪು ಎಳೆಯಿರಿ ಎಂದು ಕೊಂಕಣಿಯಲ್ಲೇ ಕೇಳಿದಳು. ಮುಂದಿನ ಕುರ್ಚಿಗಳಲ್ಲಿ ಕುಳಿತಿದ್ದವರು ನಕ್ಕರು. ಘಾಟಿಗಳಿಗೆ ಈಗ ಬಂಗಲೆಯ ಲೆಕ್ಕವೂ ಬೇಕಂತೆ ಎಂದನೊಬ್ಬ. ಘಟ್ಟ ಇಳಿದು ಬಂದ ನಮ್ಮಂಥವರಿಗೆ ಅಲ್ಲಿ ಇಟ್ಟಿರುವ ಹೆಸರು ಅದು. ಅವರ ಗಟಾರ ತೋಡುವಾಗ, ಅವರ ಗೋಡೆ ಕಟ್ಟುವಾಗ ಆ ಹೆಸರಿನಲ್ಲಿ ಅವರಿಗೇನೂ ತೊಂದರೆ ಇರಲಿಲ್ಲ. ಕುರ್ಚಿಯ ಹತ್ತಿರ ಹೋದಾಗ ಮಾತ್ರ ಅದು ಬೈಗುಳವಾಗುತ್ತಿತ್ತು.

ಆ ನಗೆಯೇ ಅವ್ವನನ್ನು ಚುನಾವಣೆಗೆ ಎಳೆಯಿತು. ನಮ್ಮ ವಾರ್ಡು ಆ ಸಲ ಹೆಂಗಸರಿಗೆ ಮೀಸಲಾಗಿತ್ತು. ಪಂಚಾಯತಿ ಸದಸ್ಯರನ್ನು ಅಲ್ಲಿ ಪಂಚ್ ಎನ್ನುತ್ತಾರೆ. ಪಂಚ್ ಆಗಲು ಅವ್ವ ನಿಂತಳು, ಎದುರಿಗೆ ಸುಲಕ್ಷಾಬಾಯಿ. ಆ ಬಂಗಲೆಗಳನ್ನೆಲ್ಲ ಕಟ್ಟಿ ಮಾರಿದ ಬಿಲ್ಡರನ ಹೆಂಡತಿ ಅವಳು. ಗುಡ್ಡದ ಓಟುಗಳು ಒಂದಾದರೆ ಅವ್ವ ಗೆಲ್ಲುತ್ತಾಳೆ, ಇದು ನಮಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಅದಕ್ಕೇ ಹೆಂಗಸರೆಲ್ಲ ನಮ್ಮ ಮನೆಯಲ್ಲಿ ಸೇರಿ ಎಲ್ಲಮ್ಮನ ಭಂಡಾರ ಮುಟ್ಟಿ ಆಣೆ ಮಾಡಿದರು. ಆ ಕಡೆಯವರು ಕೊಟ್ಟ ಸೀರೆ ಉಡುವುದಿಲ್ಲ, ಮಿಕ್ಸರ್ ಇಟ್ಟುಕೊಳ್ಳುವುದಿಲ್ಲ, ಗಂಡಂದಿರಿಗೆ ಕುಡಿಯಲು ಕೊಟ್ಟರೆ ಆ ಗಂಡನಿಗೆ ರೊಟ್ಟಿ ಇಲ್ಲ. ಮೆಹಬೂಬಿ ಕೂಡ ಭಂಡಾರ ಮುಟ್ಟಿ, ನಮ್ಮ ದೇವರಿಗೆ ಬೇರೆ ಹೇಳ್ತೀನಿ ಎಂದಳು. ಮಾತಿಗೆ ತಪ್ಪಲಿಲ್ಲ ಅವರು. ಟೆಂಪೋದಲ್ಲಿ ಬಂದ ಮಿಕ್ಸರುಗಳು ಅದೇ ಟೆಂಪೋದಲ್ಲಿ ತಿರುಗಿ ಹೋದವು. ಆ ದಿನ ಓಣಿಯಲ್ಲಿದ್ದಷ್ಟು ಗರ್ವವನ್ನು ನಾನು ಆಮೇಲೆ ಯಾವ ಮೆರವಣಿಗೆಯಲ್ಲೂ ಕಂಡಿಲ್ಲ.

ಆದರೆ ಆಣೆಯಲ್ಲಿ ಉಡಿಯ ಮಾತು ಇರಲಿಲ್ಲ. ಯಾರಿಗೆ ಹೊಳೆಯಬೇಕು? ಉಡಿ ತುಂಬುವುದೆಂದರೆ ನಮ್ಮ ಕಡೆ ಉಡುಗೊರೆಯಲ್ಲ. ಮುತ್ತೈದೆಯನ್ನು ಕೂರಿಸಿ, ಹಣೆಗೆ ಕುಂಕುಮವಿಟ್ಟು, ಸೆರಗಿನ ಮಡಿಲಿಗೆ ಅಕ್ಕಿ, ತೆಂಗಿನಕಾಯಿ, ಕುಬಸದ ಖಣ, ಎಲೆ ಅಡಿಕೆ ಹಾಕಿದರೆ ಅವಳು ಆ ಮನೆಯ ಮಗಳಾದಳು. ಉಡಿ ತುಂಬಿದ ಮನೆ ತವರಾಯಿತು. ತವರಿನ ಬಾಗಿಲಲ್ಲಿ ನಿಂತು ಯಾರೂ ಬೈಯುವುದಿಲ್ಲ. ಉಡಿ ಬೇಡವೆಂದರೆ ತನ್ನ ಮುತ್ತೈದೆತನವನ್ನೇ ಬೇಡವೆಂದ ಹಾಗೆ. ಇದೆಲ್ಲ ಮುತ್ತೈದೆಯರ ಮಾತು. ಅವ್ವನಿಗೆ ಇದರಲ್ಲಿ ಪಾಲಿರಲಿಲ್ಲ. ಶಾಂತವ್ವನ ಬಸುರಿ ಮಗಳಿಗೆ ಕುಬಸ ಮಾಡಿದ ದಿನ ಬೆಳಗಿನಿಂದ ಹೋಳಿಗೆ ಬೇಯಿಸಿದವಳು ಅವ್ವ. ಹೆಂಗಸರು ಸಾಲಾಗಿ ಕುಳಿತು ಉಡಿ ತುಂಬಿಸಿಕೊಳ್ಳುವಾಗ ಅವಳು ಒಲೆಯ ಹಿಂದೆ ಹೊಗೆಯಲ್ಲಿ ನಿಂತಿದ್ದಳು. ಅವಳ ಕೈಯ ಹೋಳಿಗೆ ಆಗುತ್ತಿತ್ತು, ಅವಳ ಮುಖ ಆಗುತ್ತಿರಲಿಲ್ಲ. ಗ್ರಾಮಸಭೆಗೆ ಮುಂದೆ ನಡೆಯಲು ಅವಳೇ ಬೇಕು, ಶುಭಕಾರ್ಯಕ್ಕೆ ಅವಳು ಹಿಂದಿರಬೇಕು. ಬಿಲ್ಡರನ ಮೇಲೆ ನನಗಿರುವ ಸಿಟ್ಟಿನಷ್ಟೇ ಸಿಟ್ಟು ಆ ಓಣಿಯ ಮೇಲೂ ಇದೆ, ಮುಚ್ಚಿಡುವುದೇಕೆ.

ಶ್ರಾವಣದ ಒಂದು ಶುಕ್ರವಾರ ಸುಲಕ್ಷಾಬಾಯಿ ತಾನೇ ಗುಡ್ಡ ಹತ್ತಿ ಬಂದಳು. ಹಿಂದೆ ಇಬ್ಬರು ಆಳುಗಳು, ಅವರ ತಲೆಯ ಮೇಲೆ ಅಕ್ಕಿಯ ಚೀಲ, ತೆಂಗಿನಕಾಯಿ, ಖಣಗಳ ಗಂಟು. ಓಟಿನ ಮಾತು ಒಂದೂ ಆಡಲಿಲ್ಲ. ಓಣಿಯಲ್ಲಿ ಚಾಪೆ ಹಾಸಿಸಿ, ಹಬ್ಬದ ದಿನ ಅಕ್ಕತಂಗಿಯರಿಗೆ ಉಡಿ ತುಂಬಲು ಬಂದಿದ್ದೇನೆ ಎಂದಳು. ಶಾಂತವ್ವ ಅವ್ವನ ಕಡೆ ನೋಡಿದಳು, ಚಾಪೆಯ ಕಡೆ ನೋಡಿದಳು, ಹೋಗಿ ಕುಳಿತಳು. ಅವಳ ಹಿಂದೆ ಒಬ್ಬೊಬ್ಬರೇ. ಮೆಹಬೂಬಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅವ್ವ ನಮ್ಮ ಹೊಸ್ತಿಲಲ್ಲಿ ಕೈಕಟ್ಟಿ ನಿಂತು ಎಲ್ಲವನ್ನೂ ನೋಡಿದಳು. ಎಲ್ಲರದೂ ಮುಗಿದ ಮೇಲೆ ಸುಲಕ್ಷಾಬಾಯಿ ತಾಟು ಹಿಡಿದು ನೇರ ನಮ್ಮ ಹೊಸ್ತಿಲಿಗೆ ಬಂದಳು.

"ಯೋ ಗೋ ಭಯ್ಣಿ, ಬಸ್."

ಬಾರೇ ತಂಗಿ, ಕುಳಿತುಕೋ ಎಂದು ಕರೆದಳು. ನನಗೆ ಗಂಡನಿಲ್ಲ ಎಂದು ಅವ್ವ ಕೊಂಕಣಿಯಲ್ಲಿ ಹೇಳಿದಳು. ಗೊತ್ತು, ಹೆಣ್ಣಲ್ಲವೇ ನೀನು ಎಂದಳು ಸುಲಕ್ಷಾಬಾಯಿ. ಅವ್ವ ತಾಟನ್ನು ತಳ್ಳುತ್ತಾಳೆ ಎಂದುಕೊಂಡೆ ನಾನು, ತಳ್ಳಲಿ ಎಂದು ಹಲ್ಲು ಕಚ್ಚಿದ್ದೆ. ಅವಳ ಕೈ ಬಿಚ್ಚಿಕೊಂಡಿತು. ಹೊಸ್ತಿಲ ಮೇಲೆ ಕುಳಿತಳು, ಸೆರಗು ಒಡ್ಡಿದಳು. ಅಕ್ಕಿ ಬೀಳುವಾಗ ಅವಳು ಅಳುತ್ತಿದ್ದಳು. ಅಪ್ಪ ಸತ್ತಾಗಲೂ ಅತ್ತಿರಲಿಲ್ಲವೆಂದು ಆಯಿ ಬೈಯುತ್ತಿದ್ದ ಹೆಂಗಸು ಅವಳು.

ಸುಲಕ್ಷಾಬಾಯಿ ಬೆರಕಿ. ಅವರಲ್ಲಿಯೂ ವಿಧವೆಗೆ ಉಡಿ ತುಂಬುವುದಿಲ್ಲ, ಆದ್ದರಿಂದ ಪಾಪ ತಿಳಿಯದೆ ಮಾಡಿದಳು ಎಂದು ಯಾರೂ ನನಗೆ ಹೇಳಲು ಬರಬೇಡಿ. ಮುತ್ತೈದೆಯರನ್ನು ಉಡಿಯಿಂದ ಕಟ್ಟಿಹಾಕಿದಳು. ಅವ್ವನನ್ನು ಅದೇ ಉಡಿಯಿಂದ ಓಣಿಗೆ ಹೊರಗಿನವಳನ್ನಾಗಿ ಮಾಡಿದಳು. ಅವಳ ಕಾರು ಗುಡ್ಡ ಇಳಿಯುವುದಕ್ಕೂ ಮೊದಲೇ ಗುಸುಗುಸು ಶುರುವಾಗಿತ್ತು. ತಾವೆಲ್ಲ ಅದೇ ತಾಟಿನ ಅಕ್ಕಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ನಿಂತಿದ್ದವರು, ರಂಡೆ ಹೆಂಗಸು ಉಡಿ ಒಡ್ಡಿದಳು, ಗುಡ್ಡಕ್ಕೆ ಕೇಡು ಎಂದರು. ಶಾಂತವ್ವನ ಮೊಮ್ಮಗನಿಗೆ ಜ್ವರ ಬಂತು, ಅದು ಅವ್ವನ ತಲೆಗೆ. ಗಂಡಸರದು ಬೇರೆಯೇ ರಾಗ, ವೈರಿಯ ಉಡಿ ತುಂಬಿಸಿಕೊಂಡು ಮಾರಾಟವಾದಳು ಎಂದು. ಅವರ ಹೆಂಡತಿಯರು ತುಂಬಿಸಿಕೊಂಡದ್ದು ಮಾತ್ರ ದೇವರ ಕಾರ್ಯ.

ಆ ಸಂಜೆ ನಮ್ಮ ಮನೆಯಲ್ಲಿ ಒಲೆ ಹೊತ್ತಲಿಲ್ಲ. ಆಯಿ ಡ್ರಮ್ಮಿಗೆ ಒರಗಿ ಕುಳಿತು ಗೋಡೆಗೆ ಹೇಳಿದ ಹಾಗೆ ಹೇಳಿದಳು.

"ನಾ ಇಷ್ಟ ವರ್ಷ ಬೋಳು ಹಣಿ ಹೊತ್ತು ತಿರಗೇನಿ. ನನಗ ಯಾವಾಕಿ ತುಂಬಿದ್ಲು? ನಿನಗ್ಯಾಕ ಬೇಕಾತು?"

"ಆಕಿ ಮೋಸಗಾರ್ತಿ ಅನ್ನೂದು ನನಗ ಗೊತ್ತೈತಿ, ಅತ್ತಿ. ಗೊತ್ತಿದ್ದೂ ಕುಂತೆ. ಮಂದಿ ಎದುರಿಗೆ ಒಮ್ಮೆರ ನನ್ನ ಹೆಣ್ಣು ಅಂತ ಯಾರರ ಕರೀಲಿ ಅನಿಸಿತ್ತು. ನಮ್ಮವರು ಕರೀಲಿಲ್ಲ."

ಆಯಿ ಗೋಡೆಯ ಕಡೆ ಹೊರಳಿ ಮಲಗಿದಳು. ಅವಳ ಸಿಟ್ಟು ಸೊಸೆಯ ಮೇಲಿನದಲ್ಲ, ತನಗೆ ಯಾರೂ ಮಾಡದ್ದರ ಮೇಲಿನದು ಎಂದು ನನಗೆ ತಿಳಿಯಲು ನಾನೂ ದೊಡ್ಡವಳಾಗಬೇಕಾಯಿತು.

ಅವ್ವ ಕೊನೆಯ ದಿನದವರೆಗೂ ಮನೆ ಮನೆಗೆ ಹೋದಳು. ಬಾಗಿಲು ತೆರೆದವರು ಅರ್ಧ ತೆರೆದರು. ಸೋತಳು, ಅದೂ ಕೆಟ್ಟದಾಗಿ; ನಮ್ಮ ಓಣಿಯ ಓಟೇ ಬರಲಿಲ್ಲ. ಸುಲಕ್ಷಾಬಾಯಿಯ ಮೆರವಣಿಗೆ ಪಟಾಕಿ ಹಚ್ಚಿಕೊಂಡು ಗುಡ್ಡದ ಬುಡದವರೆಗೆ ಬಂದು ತಿರುಗಿತು, ಮೇಲೆ ಹತ್ತುವ ಕೆಲಸ ಮುಗಿದಿತ್ತಲ್ಲ. ಆ ದಿನ ಅವ್ವ ಕಟ್ಟಿಟ್ಟಿದ್ದ ಉಡಿಯ ಅಕ್ಕಿ ತೆಗೆದು ಬೆಲ್ಲ ಹಾಕಿ ಹುಗ್ಗಿ ಮಾಡಿದಳು. ಆಯಿ ಮುಟ್ಟಲಿಲ್ಲ. ನಾನು ತಿಂದೆ. ರುಚಿಯಾಗಿತ್ತು, ಅದೇ ನನ್ನ ಹೊಟ್ಟೆ ಉರಿಸಿತು.

ಬೀಗದ ಮನೆಗೆ ಹೆಚ್ಚು ಪಟ್ಟಿ ಹಾಕಬೇಕು ಎಂಬ ಮಾತನ್ನು ಈಗ ಟೀವಿಯಲ್ಲಿ ಕುಳಿತವರು ಆಡುತ್ತಾರೆ, ಹೊಸದಾಗಿ ತಮಗೇ ಹೊಳೆದ ಹಾಗೆ. ಪಟ್ಟಿ ಇನ್ನೂ ಬಂದಿಲ್ಲ, ಬಂಗಲೆಗಳು ಮಾತ್ರ ಗುಡ್ಡದ ಅರ್ಧಕ್ಕೆ ಹತ್ತಿವೆ. ನಾನೂ ಈಗ ಅಂಥ ಸಭೆಗಳಿಗೆ ಹೋಗುತ್ತೇನೆ, ಕೂಗುತ್ತೇನೆ. ಕೂಗುವವರ ಪಕ್ಕದಲ್ಲಿ ನಿಂತಾಗಲೂ ನಾನು ಮೊದಲು ನೋಡುವುದು ಇವರಲ್ಲಿ ಯಾರನ್ನು ಒಲೆಯ ಹಿಂದೆ ನಿಲ್ಲಿಸಿ ಬಂದಿದ್ದಾರೆ ಎಂದು. ಇದು ನನ್ನ ಸ್ವಭಾವವೇ ಆಗಿಹೋಯಿತು, ಅದಕ್ಕಾಗಿ ಹಲವರಿಗೆ ನಾನು ಬೇಡವಾಗಿದ್ದೇನೆ.

ಅವ್ವ ಸೋತ ಮೇಲಿನ ಬೇಸಿಗೆಯ ಮಾತು. ಹೋಳಿ ಮುಗಿದು ಬಿಸಿಲು ಏರಿದಾಗ ಟ್ಯಾಂಕರ್ ನಿಂತೇಹೋಯಿತು. ಕೆಳಗೆ ಬಂಗಲೆಗಳ ನಡುವೆ ಹೊಸ ಈಜುಕೊಳವಾಗಿತ್ತು, ನಮ್ಮ ಟ್ಯಾಂಕರ್ ಅಲ್ಲಿಗೆ ಹೋಗುವುದನ್ನು ಮೆಹಬೂಬಿ ಕಣ್ಣಾರೆ ಕಂಡು ಬಂದಳು. ಡ್ರಮ್ಮುಗಳು ಬಡಿದರೆ ಟೊಳ್ಳು ಸದ್ದು. ಸುಲಕ್ಷಾಬಾಯಿಯ ಬಾಗಿಲಿಗೆ ಹೋಗಿ ಕೇಳಬೇಕು, ಆದರೆ ಯಾರು? ಉಡಿ ತುಂಬಿಸಿಕೊಂಡ ಮನೆ, ದನಿ ಎತ್ತುವುದು ಹೇಗೆ? ಎಲ್ಲರೂ ಸೇರಿ ನಮ್ಮ ಕಟ್ಟೆಗೆ ಬಂದರು. ಚುನಾವಣೆ ಮುಗಿದ ಮೇಲೆ ಅವರು ಬಂದದ್ದು ಅದೇ ಮೊದಲು. ಶಾಂತವ್ವ ಅವ್ವನನ್ನು ಹೆಸರು ಹಿಡಿದು ಕರೆದು ಮಾತು ತೆಗೆದಳು.

"ಕಸ್ತೂರಿ, ನೀ ನಡಿಯವಾ. ನಮಗ ಬಾಯಿ ಬರೂದಿಲ್ಲ ಅಲ್ಲೆ. ನಿನಗಾದ್ರ ಆ ಉಡಿ ಹತ್ತಂಗಿಲ್ಲ."

"ಯಾಕ ಹತ್ತಂಗಿಲ್ಲ?"

ಅವ್ವ ಬಿಡಲಿಲ್ಲ.

"ಹೇಳು. ರಂಡಿಗೆ ತುಂಬಿದ್ದು ಉಡಿ ಅಲ್ಲ, ಅದಕ್ಕ. ಹೌದಿಲ್ಲೋ? ಹಂಗಾದ್ರ ನೀವ ತುಂಬ್ರಿ. ಹತ್ತೂ ಹಂಗ ತುಂಬ್ರಿ. ಆಮ್ಯಾಲ ಬರ್ತೀನಿ."

ಯಾರೂ ಅಲುಗಲಿಲ್ಲ. ಮೆಹಬೂಬಿ ಮಾತ್ರ ಮನೆಗೆ ಓಡಿ ಒಂದು ತಾಟಿನಲ್ಲಿ ಅಕ್ಕಿ ತಂದಳು.

"ನಮ್ಮೊಳಗ ಈ ಉಸಾಬರಿ ಇಲ್ಲವಾ. ತಗೋ, ನಾ ತುಂಬ್ತೀನಿ, ನೀರಿಗೆ ಹೋಗೂಣು."

"ನೀ ಬ್ಯಾಡ, ಮೆಹಬೂ. ನೀ ನನ್ನ ಯಾವತ್ತೂ ಹಿಂದ ನಿಲ್ಲಸಿಲ್ಲ. ಇವರು ತುಂಬಲಿ."

ಹೆಂಗಸರು ಎದ್ದು ಹೋದರು. ಅವ್ವ ಒಳಗೆ ಬಂದು ಮಲಗಿಬಿಟ್ಟಳು. ಮರುದಿನವೂ ನೀರಿಲ್ಲ, ಅದರ ಮರುದಿನವೂ ಇಲ್ಲ. ಮಕ್ಕಳಿಗೆ ಮುಖ ತೊಳೆಸಲಿಕ್ಕೂ ಗತಿಯಿಲ್ಲದೆ ಓಣಿ ಕಚ್ಚಾಡಿತು, ಒಬ್ಬರ ಕೊಡ ಒಬ್ಬರು ಒದ್ದರು. ನಮ್ಮ ಮನೆಯಲ್ಲೂ ನಾಲಿಗೆ ಒಣಗಿತ್ತು, ಅವ್ವ ಮಾತ್ರ ಮಣಿಯಲಿಲ್ಲ. ಇನ್ನೊಂದು ಬೆಳಗ್ಗೆ ಅವರು ತಿರುಗಿ ಬಂದರು. ಶಾಂತವ್ವನ ಕೈಯಲ್ಲಿ ತಾಟಿತ್ತು, ಅದರಲ್ಲಿ ಅಕ್ಕಿ, ತೆಂಗಿನಕಾಯಿ, ಒಂದು ಖಣ. ಪ್ರೀತಿಯಿಂದ ಬಂದವರಲ್ಲ, ಯಾರ ಮುಖದಲ್ಲೂ ಪ್ರೀತಿಯಿರಲಿಲ್ಲ. ಬಾಯಾರಿ ಬಂದಿದ್ದರು. ಅವ್ವ ಹೊರಗೆ ಬಂದು ನಿಂತಳು, ಅವರೂ ನಿಂತರು, ಯಾರು ಮೊದಲು ಎನ್ನುವುದು ತಿಳಿಯದೆ. ಆಗ ಆಯಿ ಒಳಗಿನಿಂದ ಮಣೆ ತಂದು ಕಟ್ಟೆಯ ಮೇಲೆ ಕುಕ್ಕಿದಳು.

"ಕುಂಡ್ರು. ಮಂದಿ ಕಾಯಾಕತ್ತಾರ."

ಅವ್ವ ಅತ್ತೆಯ ಮುಖ ನೋಡಿದಳು. ಆಮೇಲೆ ಕುಳಿತಳು. ಶಾಂತವ್ವ ಕುಂಕುಮದ ಬೊಟ್ಟು ಹಿಡಿದು ಅರೆಗಳಿಗೆ ತಡೆದಳು, ಕಣ್ಣು ಮುಚ್ಚಿ ಇಟ್ಟೇಬಿಟ್ಟಳು. ಅವಸರಕ್ಕೆ ಅಕ್ಕಿ ಅರ್ಧ ನೆಲಕ್ಕೆ ಬಿತ್ತು. ಉಳಿದವರೂ ಒಬ್ಬೊಬ್ಬರಾಗಿ ಬಂದು ಹಿಡಿಯಕ್ಕಿ ಹಾಕಿದರು. ಈ ಸಲ ಅವ್ವ ಅಳಲಿಲ್ಲ. ಸೆರಗಿನ ಗಂಟನ್ನು ಬಿಗಿಯಾಗಿ ಸೊಂಟಕ್ಕೆ ಕಟ್ಟಿ ಎದ್ದಳು. ಶಾಂತವ್ವ ಅವಳ ತೋಳು ಮುಟ್ಟಿ ಕೇಳಿದಳು.

"ಈಗರ ಸಿಟ್ಟು ಇಳೀತೇನವಾ?"

"ಇಲ್ಲ. ಸಿಟ್ಟು ಇದ್ದಲ್ಲೇ ಐತಿ. ನಡೀರಿ, ಮೊದಲ ನೀರು ತರೂಣು."